ಅರ್ಧಕ್ಕೆ ಬಿದ್ದ ಪರದೆ

ಆಗೆಲ್ಲ ನಮ್ಮ ಹೊಸಬಾಳೆಯಲ್ಲಿ ಸುಗ್ಗಿ ಮುಗಿದು ಕಣ ಬರಿದಾಯಿತೆಂದರೆ ಗಂಡಸರಿಗೆ ನಾಟಕದ ಗುಂಗು ಹತ್ತುತ್ತಿತ್ತು. ಶಾಲೆಯ ಹಿಂದಿನ ಕೋಣೆಯಲ್ಲಿ ತಾಲೀಮು. ಹಾರ್ಮೋನಿಯಂ ಸದ್ದು ಕೇಳಿದೊಡನೆ ನಾವು ಮಕ್ಕಳು ಕುಂಟೆಬಿಲ್ಲೆ ಬಿಟ್ಟು ಓಡಿ ಕಿಟಕಿಯ ಸರಳಿಗೆ ಜೋತುಬೀಳುತ್ತಿದ್ದೆವು. ಅಪ್ಪನೇ ಆ ತಂಡದ ಮುಖ್ಯಸ್ಥ. ಹೆಣ್ಣು ಪಾತ್ರಗಳಿಗೆ ಹೊರಗಿನ ಊರುಗಳಿಂದ ನಟಿಯರನ್ನು ಕರೆಸುತ್ತಿದ್ದರು. ನಮ್ಮೂರ ಹೆಂಗಸರ ಪಾಲಿಗೆ ಇದ್ದದ್ದು ತಾಲೀಮಿನವರಿಗೆ ಮಂಡಕ್ಕಿ ಒಗ್ಗರಣೆ ಹಾಕಿ, ಚಹಾ ಕಾಸಿ ಕಳಿಸುವ ಕೆಲಸ ಮಾತ್ರ.

ಆ ಚಹಾ ಒಯ್ಯುತ್ತಿದ್ದವಳು ಗಿರಿಜಚಿಕ್ಕಮ್ಮ, ಅಪ್ಪನ ತಮ್ಮನ ಹೆಂಡತಿ. ಲೋಟ ಕೊಟ್ಟು ಖಾಲಿ ಲೋಟ ತರುವಷ್ಟರಲ್ಲಿ ಅವಳಿಗೆ ಎಲ್ಲರ ಮಾತೂ ಬಾಯಿಗೆ ಬಂದಿರುತ್ತಿತ್ತು. ರೊಟ್ಟಿ ತಟ್ಟುತ್ತಾ ರಾಜನ ಮಾತಾಡುವಳು, ಹೆಂಚಿನ ಮೇಲೆ ಅದನ್ನು ಮಗುಚುತ್ತಾ ಮಂತ್ರಿಯ ಉತ್ತರ ಕೊಡುವಳು. ಅಪ್ಪನ ತಂಡದವರು ಕೂಗಿ ಹೇಳುತ್ತಿದ್ದ ಮಾತನ್ನೇ ಅವಳು ಮೆಲ್ಲಗೆ ಹೇಳಿದರೆ ಒಲೆಯ ಮುಂದೆ ಕೂತ ನಮ್ಮ ಮೈ ಜುಮ್ಮೆನ್ನುತ್ತಿತ್ತು.

ನನಗೆ ಹನ್ನೊಂದು ವರ್ಷವಾಗಿದ್ದ ಬೇಸಿಗೆಯಲ್ಲಿ, ಶಿಕಾರಿಪುರದಲ್ಲಿ ನಡೆಯುವ ಹವ್ಯಾಸಿ ತಂಡಗಳ ನಾಟಕೋತ್ಸವದ ಕರಪತ್ರ ಬಂತು. ಈ ಸಲ ಮಹಿಳಾ ತಂಡಗಳಿಗೂ ಅವಕಾಶ ಎಂದು ಅದರಲ್ಲಿತ್ತು. ಅಪ್ಪ ಅದನ್ನು ಓದಿ ನಕ್ಕು ಪಕ್ಕಕ್ಕಿಟ್ಟ. ಚಿಕ್ಕಮ್ಮ ಎತ್ತಿಕೊಂಡಳು.

"ನಾವೂ ಒಂದು ನಾಟಕ ಮಾಡ್ತೀವಿ ಭಾವ."

"ಮಾಡು ಮಾರಾಯ್ತಿ. ಬೇಡ ಅಂದೋರು ಯಾರು?" ಎಂದ ಅಪ್ಪ. ಇದು ಎರಡು ದಿನದ ಹುರುಪು ಎಂದುಕೊಂಡಿದ್ದ.

ಅದು ಎರಡು ದಿನದ್ದಾಗಿರಲಿಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟಿದ್ದ ಚಿಕ್ಕಮ್ಮ ಬಾಯಲ್ಲಿ ಹೇಳುತ್ತಾ ಹೋದಳು, ನಾನು ಹಳೆಯ ಗಣಿತದ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡೆ. ಗಂಡ ಸತ್ತ ಒಬ್ಬ ಹೆಂಗಸು. ಅವಳ ಮೈದುನ ಸದ್ದಿಲ್ಲದೆ ಹೊಲದ ಪಹಣಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿರುತ್ತಾನೆ. ಕೊನೆಯ ದೃಶ್ಯದಲ್ಲಿ ಅವಳು ಮಗಳ ಕೈ ಹಿಡಿದು ತಹಶೀಲ್ದಾರರ ಮುಂದೆ ನಿಂತು ಮಾತಾಡುತ್ತಾಳೆ. ನಾಟಕದ ಜೀವವೆಲ್ಲ ಆ ಮಾತಿನಲ್ಲಿತ್ತು. ಹೆಂಗಸು ಚಿಕ್ಕಮ್ಮ, ಮಗಳು ನಾನು. ಅವ್ವ ಮತ್ತು ಕೇರಿಯ ಇನ್ನೂ ಮೂವರು ಉಳಿದ ಪಾತ್ರ ಹಂಚಿಕೊಂಡರು. ಅವ್ವನದೇ ತಹಶೀಲ್ದಾರರ ಪಾತ್ರ. ಅಪ್ಪನ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತು ಅವಳು ನಕ್ಕಷ್ಟು ಮತ್ತೆಂದೂ ನಕ್ಕಿದ್ದನ್ನು ನಾನು ನೋಡಲಿಲ್ಲ.

ನನಗಿದ್ದದ್ದು ಒಂದೇ ದೊಡ್ಡ ಮಾತು. ಹೊಲ ಯಾರದೆಂದು ತಹಶೀಲ್ದಾರರು ಕೇಳಿದಾಗ ನಾನು ಮುಂದೆ ಬಂದು, "ನಮ್ಮವ್ವ ಬಗ್ಗಿ ಬಗ್ಗಿ ಕಳೆ ಕಿತ್ತ ಹೊಲ ಸ್ವಾಮಿ ಅದು. ಅಲ್ಲಿನ ಮಣ್ಣಿಗೆ ಕೇಳ್ರಿ, ಹೇಳ್ತದೆ" ಅನ್ನಬೇಕು. ಸಗಣಿ ಬಳಿಯುವಾಗ, ನೀರು ಸೇದುವಾಗ, ಶಾಲೆಗೆ ನಡೆಯುವಾಗ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ಉತ್ಸವದ ದಿನ ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ನಾವು ಆರು ಜನ ಮಾತ್ರ ಟೆಂಪೋ ಹತ್ತಿದೆವು. ಒಂದು ಮೇಜು, ಒಂದು ಕುರ್ಚಿಯನ್ನೂ ಊರಿನಿಂದಲೇ ಹೇರಿಕೊಂಡೆವು. ತಹಶೀಲ್ದಾರರ ಕಚೇರಿ ಆಗಬೇಕಲ್ಲ. ನಮ್ಮ ಸರದಿ ಹನ್ನೊಂದಕ್ಕೆ. ಮುಖಕ್ಕೆ ಕೊಬ್ಬರಿ ಎಣ್ಣೆ ಸವರಿ, ಮೇಲೆ ಬಣ್ಣ ಬಳಿದರು. ಎಣ್ಣೆ, ಪೌಡರು, ಬೆವರು ಬೆರೆತ ಆ ವಾಸನೆ ಈಗಲೂ ಯಾವುದಾದರೂ ಮದುವೆಮನೆಯಲ್ಲಿ ತಟ್ಟನೆ ನನ್ನ ಮೂಗಿಗೆ ಬಡಿಯುತ್ತದೆ.

ಹನ್ನೊಂದು ಕಳೆಯಿತು. ಉದ್ಘಾಟಕರು ಬಂದಿರಲಿಲ್ಲ. ಬಂದ ಮೇಲೆ ಭಾಷಣ, ಅವರಾದ ಮೇಲೆ ಇನ್ನೊಬ್ಬರದು. ಬಣ್ಣ ಕರಗಿ ಕುತ್ತಿಗೆಗೆ ಇಳಿಯಿತು. ರೊಟ್ಟಿ ತಿಂದರೆ ತುಟಿಯ ಬಣ್ಣ ಹೋಗುತ್ತದೆಂದು ಯಾರೂ ಗಂಟು ಬಿಚ್ಚಲಿಲ್ಲ. ಮೂರು ಗಂಟೆ ಹೊತ್ತಿಗೆ ನಮ್ಮನ್ನು ಕರೆದರು.

ಚಿಕ್ಕಮ್ಮ ಮೊದಲ ಮಾತು ಆಡಿದಾಗ ಸಭೆಯಲ್ಲಿ ಇನ್ನೂ ಗುಜುಗುಜು ಇತ್ತು. ಮೂರನೇ ಮಾತಿಗೆ ಅದು ನಿಂತಿತು. ಮುಂದಿನ ಸಾಲಿನಲ್ಲಿ ಒಬ್ಬಾಕೆ ಅಳುತ್ತಿದ್ದ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದದ್ದು ಕಂಡಿತು. ಕೊನೆಯ ದೃಶ್ಯ ಶುರುವಾಯಿತು. ಅವ್ವ ಕುರ್ಚಿಯಲ್ಲಿ ಕೂತು, "ಹೊಲ ಯಾರದಮ್ಮ?" ಎಂದಳು. ನಾನು ಒಂದು ಹೆಜ್ಜೆ ಮುಂದಿಟ್ಟು ಬಾಯಿ ತೆರೆದೆ.

ಪರದೆ ಬಿತ್ತು.

ನಾನೇ ಏನೋ ತಪ್ಪು ಮಾಡಿದೆ ಎಂದುಕೊಂಡೆ. ಅಷ್ಟರಲ್ಲಿ ಬಿಳಿ ಸಫಾರಿ ತೊಟ್ಟ ಸಂಘಟಕರೊಬ್ಬರು ಒಳಗೆ ಬಂದರು. "ಐದೇ ನಿಮಿಷ ರೀ. ದೊಡ್ಡೋರೊಬ್ರು ಬಂದಾರ, ಅವ್ರಿಗೊಂದು ಸನ್ಮಾನ ಮುಗಿಸಿಬಿಡ್ತೀವಿ. ಆಮ್ಯಾಲೆ ನಿಮ್ದೇ."

ನಮ್ಮನ್ನು ಬದಿಗೆ ಸರಿಸಿದರು. ನಮ್ಮ ಮೇಜಿನ ಮೇಲೆ ಹಾರ, ಹಣ್ಣಿನ ಬುಟ್ಟಿ ಇಟ್ಟರು. ನಾವು ಊರಿನಿಂದ ಹೊತ್ತು ತಂದ ಕುರ್ಚಿಯಲ್ಲಿ ಆ ಅತಿಥಿಯನ್ನು ಕೂರಿಸಿದರು. ಶಾಲು, ಹಾರ, ಫೋಟೋ. ಆಮೇಲೆ ಅವರ ಭಾಷಣ. ಗ್ರಾಮೀಣ ಕಲೆ ಉಳಿಯಬೇಕು ಅಂತ ಅವರು ಮೈಕಿನಲ್ಲಿ ಹೇಳುತ್ತಿದ್ದಾಗ ಆರು ಜನ ನಾವು ಪಕ್ಕದ ಪರದೆಗೆ ಒತ್ತಿಕೊಂಡು ನಿಂತಿದ್ದೆವು. ಒಂದು ಗಂಟೆಗೂ ಹೆಚ್ಚು ಹೊತ್ತಾಯಿತು.

ಅವರು ಹೋದ ಮೇಲೆ ಚಿಕ್ಕಮ್ಮ ಕುರ್ಚಿಯನ್ನು ಅದರ ಜಾಗಕ್ಕೆ ಎಳೆದಳು. ಸಫಾರಿಯವರು ತಡೆದರು.

"ನಿಮ್ದು ಟೈಮ್ ಆತು ರೀ. ಮುಂದಿನ ತಂಡ ಬರಬೇಕು."

"ನಮ್ದು ಮುಗಿದಿಲ್ಲ ಸ್ವಾಮಿ. ಕಚೇರಿ ಸೀನು ಹಂಗೇ ಐತೆ."

"ಕಥಿ ಜನಕ್ಕ ಗೊತ್ತಾಗೇತಿ ಬಿಡ್ರಿ. ಹೆಣ್ಮಕ್ಳಾಗಿ ಇಷ್ಟು ಮಾಡಿದ್ದೇ ದೊಡ್ಡದು."

ಮುಂದಿನ ತಂಡ ತೊಗರ್ಸಿ ಕಡೆಯದು. ಅದರ ಮುಖಂಡ ಮೈಲಾರಪ್ಪ, ಕುರಿ ಸಾಕುವ ಮನೆಯವರು, ಆಗಲೇ ಸೇನಾಪತಿಯ ವೇಷದಲ್ಲಿದ್ದರು. ಅವರು ಮುಂದೆ ಬಂದು, "ನಮ್ಮ ಟೈಮಿನಾಗ ಹತ್ತು ನಿಮಿಷ ಇವ್ರಿಗೆ ಕೊಡ್ರಿ. ನಾವು ಯುದ್ಧದ ಸೀನು ಸಣ್ಣದು ಮಾಡ್ಕೊಂತೀವಿ" ಎಂದರು.

"ಅದೆಲ್ಲ ಆಗಂಗಿಲ್ಲ ರೀ. ರೂಲ್ಸ್ ಐತಿ."

ಅತಿಥಿಗೆ ಇಲ್ಲದ ರೂಲ್ಸು ನಮಗಿತ್ತು. ಚಿಕ್ಕಮ್ಮ ಕೂಗಾಡಲಿಲ್ಲ, ಅಳಲಿಲ್ಲ. ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೊರಟಳು. ಮೇಜಿನ ಒಂದು ಬದಿ ಅವ್ವ ಹಿಡಿದಳು, ಇನ್ನೊಂದು ಬದಿಗೆ ಮೈಲಾರಪ್ಪ ತಮ್ಮ ಕಡೆಯವನೊಬ್ಬನನ್ನು ಕಳಿಸಿದರು. ಹೀಗೆ ಬಣ್ಣ ಬಳಿದ ಮುಖದಲ್ಲೇ ರಸ್ತೆ ದಾಟಿ ನಡೆದು ಮಾರುಕಟ್ಟೆಯ ಯಾರ್ಡಿಗೆ ಬಂದೆವು. ನಮ್ಮ ಟೆಂಪೋ ಅಲ್ಲೇ ನಿಂತಿತ್ತು. ಮೇಜು ಇಳಿಸಿದ್ದೇ ಆತ ತನ್ನ ನಾಟಕಕ್ಕೆ ಓಡಿಹೋದ. ಚಿಕ್ಕಮ್ಮ ಕುರ್ಚಿಯನ್ನು ಟೆಂಪೋಗೆ ಹಾಕಲಿಲ್ಲ, ತಗಡಿನ ಚಪ್ಪರದ ಕೆಳಗಿನ ಕಟ್ಟೆಯ ಮೇಲೆ ಇಟ್ಟಳು.

"ಕೂತ್ಕೋ ಅಕ್ಕ," ಎಂದಳು ಅವ್ವನಿಗೆ. "ಅಲ್ಲಿಂದಲೇ ಹಿಡಿ."

ಸುತ್ತ ಮೆಕ್ಕೆಜೋಳದ ರಾಶಿ, ಅದರ ಒಣ ಘಾಟು. ಚೀಲಗಳಿಗೆ ಒರಗಿ ಕೂತ ಹಮಾಲರು, ಕಾಳು ಗುಡಿಸುತ್ತಿದ್ದ ಏಳೆಂಟು ಹೆಂಗಸರು. ಅವ್ವ ಮತ್ತೆ ಕೇಳಿದಳು: "ಹೊಲ ಯಾರದಮ್ಮ?" ಒಂದೂವರೆ ಗಂಟೆಯಿಂದ ಹಿಡಿದಿಟ್ಟಿದ್ದ ಮಾತನ್ನು ನಾನು ಹೇಳಿದೆ. ಚೀರಿದಂತೆ ಬಂತು ಅದು. ಆಮೇಲೆ ಚಿಕ್ಕಮ್ಮ ಮಾತಾಡಿದಳು. ಮೈಕಿಲ್ಲ, ಪರದೆಯಿಲ್ಲ. ಗುಡಿಸುತ್ತಿದ್ದ ಹೆಂಗಸರು ಪೊರಕೆ ಹಿಡಿದುಕೊಂಡೇ ಹತ್ತಿರ ಬಂದು ಕೂತರು.

ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರಲ್ಲಿ ವಯಸ್ಸಾದ ಒಬ್ಬಾಕೆ ಕೇಳಿದಳು: "ಆಮ್ಯಾಲೆ ಪಹಣಿ ಆಕಿ ಹೆಸರಿಗೆ ಆತೇನವ್ವ?"

"ಅದು ನಂಗೂ ಗೊತ್ತಿಲ್ಲ ಕಣವ್ವ," ಎಂದಳು ಚಿಕ್ಕಮ್ಮ.

ಕತೆ ಇಲ್ಲಿಗೆ ನಿಂತಿದ್ದರೆ ನಾನು ಇದನ್ನು ಖುಷಿಯಿಂದಲೇ ನೆನೆಯುತ್ತಿದ್ದೆ. ಹತ್ತು ದಿನಕ್ಕೆ ಉತ್ಸವ ಸಮಿತಿಯಿಂದ ಅಪ್ಪನಿಗೆ ಕಾಗದ ಬಂತು. ನಿಮ್ಮ ಊರಿನ ಹೆಂಗಸರು ಅತಿಥಿಗಳಿಗೆ ಅಗೌರವವಾಗುವಂತೆ ನಡೆದುಕೊಂಡು, ಬೀದಿಯಲ್ಲಿ ಪ್ರದರ್ಶನ ಮಾಡಿದ್ದಾರೆ. ತಪ್ಪೊಪ್ಪಿಗೆ ಬರೆದುಕೊಡದಿದ್ದರೆ ಹೊಸಬಾಳೆಯ ಯಾವ ತಂಡವನ್ನೂ ಇನ್ನು ಕರೆಯುವುದಿಲ್ಲ. ಅಪ್ಪ ಅಂದೇ ಉತ್ತರ ಬರೆದು, ಜಗಲಿಯಲ್ಲಿ ಕೂತು ಓದಿದ. "ಹೆಣ್ಣುಮಕ್ಕಳು ತಿಳಿಯದೆ ಮಾಡಿದ ತಪ್ಪನ್ನು ಮನ್ನಿಸಬೇಕು."

"ಯಾವ ತಪ್ಪು ಭಾವ?" ಎಂದಳು ಚಿಕ್ಕಮ್ಮ ಬಾಗಿಲ ಬಳಿಯಿಂದ.

"ಇದು ಊರಿನ ಹೆಸರಿನ ಪ್ರಶ್ನೆ. ನಿಂಗೆ ತಿಳಿಯಲ್ಲ."

"ನಂಗೆ ತಿಳಿದದ್ದನ್ನೇ ಅಲ್ಲಿ ಹೇಳೋಕೆ ಬಿಡಲಿಲ್ಲ. ಇಲ್ಲೂ ಬಿಡಲ್ಲ ಅಂದ್ರೆ ಹೆಂಗೆ?"

ಅವಳು ಸಹಿ ಹಾಕಲಿಲ್ಲ. ಅವಳ ಪರವಾಗಿ ಅಪ್ಪನೇ ಹಾಕಿದ. ಮರುದಿನ ಶಾಲೆಗೆ ಹೊರಟಾಗ ಲಕೋಟೆಯನ್ನು ನನ್ನ ಕೈಗಿಟ್ಟು, "ಡಬ್ಬಿಗೆ ಹಾಕಿ ಹೋಗು" ಎಂದ. ನಾನು ಹಾಕಿದೆ. ಹರಿದು ಎಸೆಯಬಹುದಿತ್ತು. ಚಿಕ್ಕಮ್ಮನಿಗೆ ಒಯ್ದು ಕೊಡಬಹುದಿತ್ತು. ಸಫಾರಿಯವರ ಮೇಲೆ, ಅಪ್ಪನ ಮೇಲೆ ನನಗೆಷ್ಟು ಸಿಟ್ಟಿದೆಯೋ ಅಷ್ಟೇ ಸಿಟ್ಟು ಆ ಬೆಳಗಿನ ಹುಡುಗಿಯ ಮೇಲೂ ಇದೆ.

ಮುಂದಿನ ವರ್ಷ ಗಂಡಸರ ತಂಡ ಹೋಗಿ ನಾಟಕ ಆಡಿ ಬಂತು. ಹೆಂಗಸರು ಮತ್ತೆ ಆಡಲಿಲ್ಲ. ಚಿಕ್ಕಮ್ಮ ಚಹಾ ಕಾಸುವುದನ್ನೂ ನಿಲ್ಲಿಸಿದಳು. ಒಲೆಯ ಮುಂದೆ ಮಾತಾಡುವುದನ್ನೂ.

ಈಗ ಸೊರಬದಲ್ಲಿ ಶಿಕ್ಷಕಿಯಾಗಿದ್ದೇನೆ. ಮೊನ್ನೆ ಒಂದು ನಾಟಕೋತ್ಸವದ ಆಹ್ವಾನಪತ್ರಿಕೆ ಮೊಬೈಲಿಗೆ ಬಂತು. ಅತಿಥಿಗಳ ಭಾವಚಿತ್ರಗಳನ್ನು ಎಣಿಸಿದೆ, ಹದಿನೇಳು. ಆಡುವ ನಾಟಕಗಳ ಹೆಸರು ತೀರಾ ಕೆಳಗೆ, ಬೆರಳಿನಿಂದ ದೊಡ್ಡದು ಮಾಡಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ. ಆ ಸಿಟ್ಟಿನಲ್ಲೇ ಭಾನುವಾರ ಹೊಸಬಾಳೆಗೆ ಹೋಗಿ ಚಿಕ್ಕಮ್ಮನನ್ನು ಕೇಳಿದೆ, ಕಚೇರಿಯ ಮಾತನ್ನು ಒಮ್ಮೆ ಹೇಳು, ನಿನ್ನ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದು.

"ಯಾವ ಮಾತು ಮಗ? ಎಲ್ಲ ಮರ್ತು ಹೋತು," ಎಂದಳು.

ಮೊದಲ ಸಾಲು ನೆನಪಿಸಿದೆ. ಇಲ್ಲವೆಂದು ತಲೆ ಆಡಿಸಿದಳು. ನಿಜವಾಗಿಯೂ ಮರೆತಿದ್ದಳೋ, ಆಡಲು ಮನಸ್ಸಿರಲಿಲ್ಲವೋ, ಗೊತ್ತಾಗಲಿಲ್ಲ. ಆಗ ಅವಳಿಗೆ ಮೂವತ್ತು ದಾಟಿತ್ತಷ್ಟೆ. ಇನ್ನೂ ಇಪ್ಪತ್ತು ಬೇಸಿಗೆ ಅವಳು ರಂಗದ ಮೇಲೆ ನಿಲ್ಲಬಹುದಿತ್ತು. ನಿಂತದ್ದು ಒಂದೇ ಮಧ್ಯಾಹ್ನ. ಅವತ್ತಿನದನ್ನೂ ಸಭೆಯವರು ಪರದೆ ಬೀಳುವ ತನಕ ನೋಡಿದರು, ಯಾರ್ಡಿನವರು ಅಲ್ಲಿಂದಾಚೆಗೆ ನೋಡಿದರು. ಗಿರಿಜಮ್ಮನ ನಾಟಕವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ ಪ್ರೇಕ್ಷಕ ಈ ಭೂಮಿಯ ಮೇಲೆ ಒಬ್ಬನೂ ಇಲ್ಲ.