ಹಾರುವವನಿಗೆ ಓಡುವ ಆಸೆ

ಆ ಸಿನಿಮಾದ ಎರಡನೇ ಭಾಗ ತೆಗೆದವನ ಮನೆ ಹಾಳಾಗ. ಇಷ್ಟು ವರ್ಷ ಕಳೆದರೂ ಈ ಮಾತನ್ನು ವಾಪಸ್ಸು ತಗೋಬೇಕು ಅಂತ ನನಗೆ ಅನ್ನಿಸಿಲ್ಲ.

ಚಿಕ್ಕವಳಿದ್ದಾಗ ಪೋಲಿಯೋ ಬಂದು ನನ್ನ ಎಡಗಾಲು ಸಣಕಲಾಯಿತು. ಮೊಳಕಾಲ್ಮುರಿನಲ್ಲಿ ನಮ್ಮದು ಮಗ್ಗದ ಮನೆ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ತುಳಿಯುವ ಮಗ್ಗ ನನಗೆ ಒಗ್ಗಲಿಲ್ಲ, ಹಾಗಾಗಿ ರಾಟೆ ಮುಂದೆ ಕೂತು ರೇಷ್ಮೆ ನೂಲು ಸುತ್ತಿಕೊಡುತ್ತಿದ್ದೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನನಗೇನೂ ಕೊರತೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಅವ್ವನಿಗೆ. ಬಸ್ಸಿನಲ್ಲಿ ಯಾರಾದರೂ ಗುರುತಿಲ್ಲದವರು, ಇಂಥಾ ಊರಲ್ಲಿ ಒಬ್ಬ ಕಾಲು ನೆಟ್ಟಗೆ ಮಾಡ್ತಾನಂತೆ ಅಂದರೆ ಸಾಕು, ಮಾರನೇ ದಿನವೇ ನನ್ನನ್ನು ಎಬ್ಬಿಸಿ ಹೊರಡಿಸುವಳು. ಒಬ್ಬ ಬಿಸಿ ಎಣ್ಣೆ ಹೊಯ್ದು ಎಳೆದ. ಇನ್ನೊಬ್ಬ ಬಿದಿರ ದಬ್ಬೆ ಕಟ್ಟಿ ತಿಂಗಳುಗಟ್ಟಲೆ ಮಲಗಿಸಿದ. ಮತ್ತೊಬ್ಬ ಮಹಾನುಭಾವ ಕಾಯಿಸಿದ ಕಬ್ಬಿಣದಲ್ಲಿ ಬರೆ ಎಳೆದ, ಆ ಗುರುತು ಇನ್ನೂ ಇದೆ. ಪ್ರತಿ ಸಲವೂ ನಾನು ಕಿರುಚಿದೆ, ಅವ್ವ ನನ್ನ ತಲೆ ಹಿಡಿದುಕೊಂಡು ಅತ್ತಳು, ಕಾಲು ಮಾತ್ರ ಇದ್ದ ಹಾಗೇ ಇತ್ತು.

ಇದನ್ನೆಲ್ಲ ನಿಲ್ಲಿಸಿದ್ದು ಒಂದು ಸಿನಿಮಾ. ಚಳ್ಳಕೆರೆಗೆ ಬಂದಿತ್ತು. ಇಂಗ್ಲಿಷ್ ಚಿತ್ರಕ್ಕೆ ತೆಲುಗು ಮಾತು ಹಾಕಿದ್ದರು, ನಮ್ಮ ಕಡೆಯವರಿಗೆ ಅದೇನು ಕಷ್ಟ. ಹೀರೋ ಹಗಲು ಹೊತ್ತು ಗಡಿಯಾರ ರಿಪೇರಿ ಮಾಡುವವನು, ಊರುಗೋಲು ಹಿಡಿದು ಕುಂಟುತ್ತಾ ನಡೆಯುವವನು. ಊರಿಗೆ ಕೇಡು ಬಂತೋ, ಬೆನ್ನಿಗೆ ಕಬ್ಬಿಣದ ರೆಕ್ಕೆ ಕಟ್ಟಿಕೊಂಡು ಹಾರುವನು. ಕೊನೆಯಲ್ಲಿ ಒಬ್ಬ ದೊಡ್ಡ ಡಾಕ್ಟರು ಬಂದು ನಿನ್ನ ಕಾಲು ಸರಿ ಮಾಡಿಕೊಡುತ್ತೇನೆ ಅನ್ನುತ್ತಾನೆ. ಇವನು ನಕ್ಕು, ಇದು ನನ್ನ ಕಾಲು, ಹೀಗೇ ಇರಲಿ ಬಿಡಿ ಅಂದು ಹೊರಟುಹೋಗುತ್ತಾನೆ. ನನಗೆ ಎದೆ ತುಂಬಿ ಬಂತು. ಅಂಥವನೊಬ್ಬನನ್ನು ತೆರೆಯ ಮೇಲೆ ನಾನು ಅದುವರೆಗೆ ನೋಡೇ ಇರಲಿಲ್ಲ. ನಮ್ಮ ಸಿನಿಮಾಗಳಲ್ಲಿ ಕುಂಟ ಅಂದರೆ ಒಂದೋ ನಗಿಸುವವನು, ಇಲ್ಲಾ ಹಾಡು ಹೇಳಿ ಭಿಕ್ಷೆ ಬೇಡುವವನು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವ್ವನ ತಲೆ ತಿಂದೆ. ಅಷ್ಟು ದೊಡ್ಡ ಡಾಕ್ಟ್ರೇ ಬಂದರೂ ಬೇಡ ಅಂದನಲ್ಲ, ಅವನೇನು ದಡ್ಡನಾ ಅಂತ ದಾರಿಯುದ್ದಕ್ಕೂ ಕೇಳಿದೆ. ಮನೆ ಬರುವ ಹೊತ್ತಿಗೆ ಅವ್ವ ಸೋತಳು. "ಆಯ್ತು ಬಿಡೆ, ಇನ್ಮ್ಯಾಲೆ ನಿನ್ನ ಎಲ್ಲಿಗೂ ಎಳ್ಕಂಡು ಹೋಗಲ್ಲ," ಅಂದಳು. ಕೊಟ್ಟ ಮಾತು ಉಳಿಸಿಕೊಂಡಳು ಕೂಡ. ಕೇರಿಯ ಹುಡುಗರಿಗೂ ನಾನೇ ಕೈಕಾಲು ಆಡಿಸಿ ಕಥೆ ಹೇಳಿದೆ. ಅಲ್ಲಿಯವರೆಗೆ ನನ್ನನ್ನು ಕುಂಟಿ ಅನ್ನುತ್ತಿದ್ದ ಅವು ಹಾರೋ ಅಕ್ಕ ಅನ್ನತೊಡಗಿದವು. ಆ ಎರಡು ಮೂರು ವರ್ಷ ನಾನು ಪಟ್ಟ ಸುಖ ಯಾರಿಗೆ ಹೇಳಿದರೂ ಅರ್ಥವಾಗಲಿಕ್ಕಿಲ್ಲ.

ಆಮೇಲೆ ಎರಡನೇ ಭಾಗ ಬಂತು. ಬಸ್ ಸ್ಟ್ಯಾಂಡಿನ ಪೋಸ್ಟರಿನಲ್ಲಿ ಊರುಗೋಲು ಕಾಣಲಿಲ್ಲ. ಅಂಟಿಸುವವನು ಕೆಳಗಡೆ ಹರಿದು ಹಾಕಿರಬೇಕು ಅಂದುಕೊಂಡೆ. ಅವ್ವನನ್ನು ನಾನೇ ಕಾಡಿ ಬೇಡಿ ಚಳ್ಳಕೆರೆಗೆ ಹೊರಡಿಸಿದೆ. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ.

ಸಿನಿಮಾ ಶುರುವಾಗಿ ಇನ್ನೂ ಕಡ್ಲೆಕಾಯಿ ಪೊಟ್ಟಣ ಬಿಚ್ಚಿರಲಿಲ್ಲ, ಹೀರೋ ಒಂದು ಗುಹೆಗೆ ಬಿದ್ದ. ಅಲ್ಲಿ ನೀಲಿ ನೀರು. ಮುಳುಗಿ ಎದ್ದ. ಎದ್ದವನ ಕಾಲು ನೆಟ್ಟಗಾಗಿತ್ತು! ಊರುಗೋಲನ್ನು ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದು ಎಸೆದ, ಆಮೇಲೆ ಓಡತೊಡಗಿದ. ಗುಡ್ಡದ ಮೇಲೆ ಓಡಿದ, ಮರಳಿನ ಮೇಲೆ ಓಡಿದ, ಪೇಟೆಯ ಕಾರುಗಳ ನಡುವೆ ಓಡಿದ. ಅಲ್ಲಯ್ಯಾ, ಹಾರೋಕೆ ಬರೋನಿಗೆ ಓಡೋದು ಯಾಕೆ ಬೇಕಾಗಿತ್ತು? ಮೊದಲನೇ ಭಾಗದಲ್ಲಿ ಬೇಡ ಅಂದ ಬಾಯಿ ಇದೇ ಅಲ್ಲವೇ? ಇಡೀ ಟಾಕೀಸು ಶಿಳ್ಳೆ ಹೊಡೆಯುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಪಕ್ಕಕ್ಕೆ ತಿರುಗಿದರೆ ಅವ್ವ ಕಣ್ಣೀರು ಸುರಿಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದಳು.

ಆ ಚಪ್ಪಾಳೆಯ ಮುಂದೆ ಸಿನಿಮಾದವನ ಮೇಲಿನ ಸಿಟ್ಟು ಏನೂ ಅಲ್ಲ. ಇವಳು ಇಷ್ಟು ದಿನ ನನ್ನ ಮಾತು ಒಪ್ಪಿದ್ದಳು ಅಂತ ನಾನು ತಿಳಿದಿದ್ದೆ. ಒಪ್ಪಿರಲಿಲ್ಲ, ಸುಮ್ಮನಿದ್ದಳು ಅಷ್ಟೆ. ಇಂಟರ್‌ವಲ್ಲಿನಲ್ಲಿ ಎದ್ದು ಹೋಗೋಣ ಅಂದೆ, ಅವಳು ಅಲುಗಾಡಲಿಲ್ಲ.

ವಾಪಸ್ಸು ಬರುವಾಗ ಬಸ್ಸು ತಳಕು ಊರು ದಾಟಿತು. ಆಮೇಲೆ ಅವ್ವ ನನ್ನ ಎಡ ಮೊಣಕಾಲಿನ ಮೇಲೆ ಕೈಯಿಟ್ಟಳು. ಪರಶುರಾಂಪುರದ ಹತ್ತಿರ ಒಬ್ಬ ಎಣ್ಣೆ ಕೊಡುತ್ತಾನಂತೆ, ಒಂದೇ ಒಂದು ಸಲ ಹೋಗಿ ಬರೋಣ ಅಂದಳು. ನಾನು ಕೈ ಕಿತ್ತೆಸೆದೆ.

"ಅದು ಸಿನಿಮಾ ಕಣವ್ವಾ. ಯಾವನೋ ತಲೆಕೆಟ್ಟೋನು ಕಟ್ಟಿದ ಕಥೆ."

"ಮದ್ಲನೇದೇನು ಪುರಾಣವೇನೆ? ಅದೂ ಸಿನಿಮಾನೇ," ಅಂದಳು ಅವ್ವ. "ಅದನ್ನ ನಂಬು ಅಂದೋಳು ನೀನೇ. ನಂಬಿದೆ. ಈಗ ಇದನ್ನ ನಂಬ್ತೀನಿ."

ಮುಂದೆ ಕುರಿ ಹಿಂಡು ಅಡ್ಡ ಬಂದು ಬಸ್ಸು ನಿಂತಾಗ ನನ್ನ ಚುರುಕು ಬಾಯಿಗೆ ಮಾತು ಸಿಕ್ಕಿತು.

"ಹಂಗಾದ್ರೆ ಎರಡೂ ಬ್ಯಾಡ ಬಿಡು," ಅಂದೆ. "ಸಿನಿಮಾದೋನು ಹೇಳಿದ್ದೂ ಬ್ಯಾಡ. ನಾನು ಹೇಳ್ತಿದೀನಿ, ನನ್ನ ಕಾಲು ಮುಟ್ಟಬ್ಯಾಡ."

ಮುಂದೆ ಕೂತವರು ತಿರುಗಿ ನೋಡಿದರು. ಅವ್ವ ಕಿಟಕಿಯ ಕಡೆ ಮುಖ ಮಾಡಿದಳು.

ಕೇರಿಯ ಹುಡುಗರು ಸುಮ್ಮನಿರುತ್ತಾರೆಯೇ? ಅವನಿಗೆ ವಾಸಿ ಆಯ್ತಲ್ಲ, ನಿನಗೆ ಯಾವಾಗಕ್ಕಾ ಅಂತ ಶುರುವಿಟ್ಟುಕೊಂಡರು. ಒಂದು ವಾರಕ್ಕೆಲ್ಲ ಹಳೇ ಹೆಸರೇ ಗಟ್ಟಿಯಾಯಿತು. ಒಬ್ಬನಿಗೆ ರಾಟೆ ಮುಂದೆ ಕೂತಲ್ಲಿಂದಲೇ ಚಪ್ಪಲಿ ಬೀಸಿ ಒಗೆದೆ, ಸರಿಯಾಗಿ ಬಿತ್ತು.

ಒಂದು ಸೋಮವಾರ ಅವ್ವ ಬುತ್ತಿ ಕಟ್ಟಿಕೊಂಡು ಪರಶುರಾಂಪುರಕ್ಕೆ ಹೊರಟು ಬಾಗಿಲಲ್ಲಿ ನಿಂತಳು. ನಾನು ರಾಟೆ ಬಿಟ್ಟು ಏಳಲಿಲ್ಲ. ಸ್ವಲ್ಪ ಹೊತ್ತು ಕಾದು ಒಬ್ಬಳೇ ಹೋದಳು, ಸಂಜೆಗೆ ಒಂದು ಬಾಟಲಿ ಎಣ್ಣೆ ತಂದು ನನ್ನ ಹಾಸಿಗೆಯ ಪಕ್ಕ ಇಟ್ಟಳು. ಹಚ್ಚು ಅಂತ ಹೇಳಲಿಲ್ಲ. ನಾನು ಮುಚ್ಚಳ ಕೂಡ ತೆಗೆಯಲಿಲ್ಲ. ಹಾಗೇ ತಿಂಗಳು ಕಳೆಯಿತು.

ಒಂದು ದಿನ ಅವ್ವ ಮಗ್ಗದಿಂದ ಎದ್ದು ಬಂದವಳು ಆ ಬಾಟಲಿ ತಗೊಂಡು ಗೋಡೆಗೆ ಒರಗಿ ಕೂತಳು. ಸೀರೆ ಮೇಲೆತ್ತಿಕೊಂಡು ತನ್ನ ಎರಡೂ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳತೊಡಗಿದಳು. ಎಷ್ಟೋ ವರ್ಷದಿಂದ ಮಗ್ಗ ತುಳಿದೂ ತುಳಿದೂ ಊದಿಕೊಂಡ ಕಾಲುಗಳು. ಅವನ್ನು ತೋರಿಸಲಿಕ್ಕೆ ಅವಳು ಯಾವತ್ತೂ ಬಸ್ಸು ಹತ್ತಿದವಳಲ್ಲ. ಬಾಟಲಿ ಖಾಲಿಯಾಗುವವರೆಗೂ ದಿನಾ ತಿಕ್ಕಿಕೊಂಡಳು.

"ಏನಾದ್ರೂ ಕಮ್ಮಿ ಆಯ್ತೇನವ್ವ?" ಅಂತ ಕೇಳಿದೆ.

"ಏನೂ ಇಲ್ಲ ಕಣೆ," ಅಂದಳು. "ನಿನ್ನ ಸುಮ್‌ಸುಮ್ನೆ ಅಳಿಸಿದೆ."