ಗಂಗಕ್ಕ ಕಾದಂಬರಿಗೆ ಹೂ ಕೇಳಿದ್ದು

ಗೋವಾದಲ್ಲಿ ನಾನು ಓದಿದ ಮೊದಲ ಕನ್ನಡ ಕಾದಂಬರಿಗೆ ಒಣಮೀನಿನ ವಾಸನೆ ಇತ್ತು. ಸಾಂಕೋಲೆಗೆ ಬಂದ ಮೂರನೆಯ ದಿನ ಮನೆ ಮಾಲಕಿ ಮಾರಿಯಾ ಆಂಟಿ, ಹೊಸ ಬಾಡಿಗೆಯವರೆಂಬ ಪ್ರೀತಿಗೆ ಒಂದು ಪೊಟ್ಟಣ ತಂದು ನನ್ನ ಕೈಗಿಟ್ಟರು. ಬಿಚ್ಚಿದರೆ ಒಣಗಿದ ಸಿಗಡಿ! ನಾನೋ, ಪಕ್ಕದ ಮನೆಯಲ್ಲಿ ಮೊಟ್ಟೆ ಒಡೆದರೂ ಮೂಗಿಗೆ ಸೆರಗು ಒತ್ತಿಕೊಳ್ಳುವ ಮನೆತನದ ಮಗಳು. ಎಸೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಅಷ್ಟರಲ್ಲಿ ಪೊಟ್ಟಣದ ಕಾಗದದ ಮೇಲೆ ಕಣ್ಣು ಬಿತ್ತು. ಕನ್ನಡ. ಯಾವುದೋ ಕಾದಂಬರಿಯ ನೂರಾ ಹದಿಮೂರನೆಯ ಪುಟ. ಒಬ್ಬ ಹೆಂಗಸು ಗಂಡನ ಮನೆ ಬಿಟ್ಟು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಾಳೆ, ಹಿಂದಿನಿಂದ ಯಾರೋ ಹೆಸರು ಹಿಡಿದು ಕೂಗುತ್ತಾರೆ, ಅಲ್ಲಿಗೆ ಪುಟ ಮುಗಿದಿತ್ತು. ಸಿಗಡಿಯನ್ನು ಪಕ್ಕದ ಮನೆಗೆ ದಾಟಿಸಿ, ಕಾಗದವನ್ನು ಮಾತ್ರ ಬಿಸಿಲಿಗೆ ಒಣಹಾಕಿ ಇಟ್ಟುಕೊಂಡೆ.

ನನ್ನೂರು ಗದಗ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ಬಾಗಿಲಲ್ಲಿ ನಿಂತರೆ ಕಣ್ಣಿಗೆ ಅಡ್ಡ ಬರುವುದು ಒಂದೋ ಎರಡೋ ಬೇವಿನ ಗಿಡ. ಇಲ್ಲಿ ಕಿಟಕಿ ತೆರೆದರೆ ಎದುರು ಖೋಲಿಯವರು ಒಣಹಾಕಿದ ಲುಂಗಿ. ಒಂದೊಂದು ಸಾಲಿನಲ್ಲಿ ಹನ್ನೊಂದು ಖೋಲಿಗಳು, ಮೇಲೆ ತಗಡು. ಅಲ್ಲಿ ಮಳೆ ಬರಲಿ ಎಂದು ಕಪ್ಪೆಗೆ ಮದುವೆ ಮಾಡಿದ್ದೇವೆ. ಇಲ್ಲಿ ಜೂನಿನಲ್ಲಿ ಬಂದ ಮಳೆ ಹೊರಡುವ ಮಾತೇ ಎತ್ತುವುದಿಲ್ಲ. ತಗಡು ಸೋರುತ್ತದೆ ಎಂದರೆ ಮಾರಿಯಾ ಆಂಟಿ ‘ಫಾಲ್ಯಾಂ’ ಎನ್ನುತ್ತಾರೆ. ಫಾಲ್ಯಾಂ ಅಂದರೆ ಕೊಂಕಣಿಯಲ್ಲಿ ನಾಳೆ. ಈ ಊರಿನ ನಾಳೆ ಸ್ವಲ್ಪ ಉದ್ದ, ಒಂದು ಮಳೆಗಾಲ ಪೂರ್ತಿ ಹಿಡಿಯುತ್ತದೆ. ಆದರೆ ಅದೇ ಆಂಟಿ, ನನಗೆ ಜ್ವರ ಬಂದಾಗ ಕುಚಲಕ್ಕಿ ಗಂಜಿ ಹಿಡಿದು ನಾಳೆಗೆ ಕಾಯದೆ ಬಂದವರು. ಆದ್ದರಿಂದ ಬಯ್ಯುವುದಕ್ಕೂ ಮನಸ್ಸು ಬರುವುದಿಲ್ಲ.

ಯಜಮಾನರು ಬಂದರಿನ ಕಡೆ ಲಾರಿ ಓಡಿಸುತ್ತಾರೆ. ನಾನು ಹತ್ತಿರದ ಒಂದು ಕಂಪನಿಯಲ್ಲಿ ಬಾಟಲಿಗಳನ್ನು ಡಬ್ಬಿಗೆ ತುಂಬುವ ಕೆಲಸಕ್ಕೆ ಸೇರಿದೆ. ತಲೆಗೆ ಟೋಪಿ, ಬಾಯಿಗೆ ಬಟ್ಟೆ, ಎಂಟು ತಾಸು ಮಾತಿಲ್ಲ. ಊರಲ್ಲಿ ನನ್ನ ಬಾಯಿ ಮುಚ್ಚಿಸಲು ಅವ್ವನಿಂದಲೇ ಆಗಿರಲಿಲ್ಲ. ಮೊದಲ ಆರು ತಿಂಗಳು ನನಗೆ ಮಾತಿಗೆ ಯಾರೂ ಇರಲಿಲ್ಲ. ಸಂಜೆ ಬಂದು ಆ ಒಂದು ಪುಟವನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಕೊನೆಗೊಂದು ದಿನ ಅದನ್ನು ಪಕ್ಕದ ಮನೆಯ ಮೆಹಬೂಬಿ ನೋಡಿದಳು. ನನ್ನ ಸಿಗಡಿ ದಾಟಿದ್ದು ಅವಳ ಮನೆಗೇ. ಇಂಡಿ ಕಡೆಯವಳು, ಗಂಡನದು ಗುಜರಿ ಅಂಗಡಿ.

“ಅಕ್ಕಾ, ಇದು ನಮ್ಮ ಅಂಗಡೀ ಕಾಗದ ಐತಿ. ಕನ್ನಡದ ಬುಕ್ ಚೀಲಗಟ್ಲೆ ಬಿದ್ದಾವ, ಯಾರೂ ಕೇಳಂಗಿಲ್ಲ. ಬರ್ರಿ, ಬೇಕಾದ್ದು ಆರಿಸ್ಕೊಳ್ರಿ,” ಎಂದಳು.

ಹೋದೆ. ಒಡೆದ ಬಕೆಟ್ಟು, ಸೈಕಲ್ ರಿಮ್ಮುಗಳ ನಡುವೆ ಕೂತು ಮೂರು ತಾಸು ಹುಡುಕಿದೆ. ಬಸ್ಸಿನ ಹೆಂಗಸು ಸಿಗಲಿಲ್ಲ. ಅವಳು ಹತ್ತಿದಳೋ ಇಳಿದಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಏಳು ಕಾದಂಬರಿ ಹೊತ್ತುಕೊಂಡು ಬಂದೆ. ಕೆಲವಕ್ಕೆ ರಟ್ಟಿಲ್ಲ, ಕೆಲವಕ್ಕೆ ಹೆಸರಿಲ್ಲ. ಅವತ್ತು ನನಗೆ ತವರಿನಿಂದ ಗಾಡಿ ಬಂದಷ್ಟು ಖುಷಿ.

ನಮ್ಮ ಸಾಲಿನ ಕೊನೆಯ ಖೋಲಿಯಲ್ಲಿ ಗಂಗಕ್ಕ ಇದ್ದಾಳೆ. ಹುನಗುಂದ ಕಡೆಯವಳು, ವಯಸ್ಸು ಐವತ್ತೈದರ ಮೇಲೆ. ಚಿಕ್ಕ ವಯಸ್ಸಿಗೆ ಗಂಡ ಸತ್ತ, ಮಕ್ಕಳಿಲ್ಲ. ಇಪ್ಪತ್ತೈದು ವರ್ಷ ಗೋವಾದ ಕಟ್ಟಡಗಳಿಗೆ ತಲೆಯ ಮೇಲೆ ಕಲಸಿದ ಸಿಮೆಂಟು ಹೊತ್ತು, ಮೊಣಕಾಲು ಸವೆದ ಮೇಲೆ ಈಗ ಕೂಲಿಯವರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಭಾನುವಾರ ಮಧ್ಯಾಹ್ನ ವಾರಕ್ಕಾಗುವಷ್ಟು ಖಡಕ್ ರೊಟ್ಟಿ. ಅವಳು ಬಡಿಯುವುದು, ಮೆಹಬೂಬಿ ಬೇಯಿಸುವುದು. ನಾನು ಒಂದು ಭಾನುವಾರ ಹೊಸ್ತಿಲ ಮೇಲೆ ಕೂತು ಪುಸ್ತಕ ತೆಗೆದಾಗ ಗಂಗಕ್ಕ, “ಬಾಯಾಗ ಗುಣುಗುಣು ಅನ್ನಬ್ಯಾಡ, ದೊಡ್ಡದಾಗಿ ಓದು. ಕೈಗಷ್ಟ ಕೆಲಸ ಐತಿ, ಕಿವಿ ಖಾಲಿ ಅದಾವ,” ಎಂದಳು. ಅಲ್ಲಿಂದ ಶುರುವಾಯಿತು. ಅವಳಿಗೆ ಎಲ್ಲ ಪುಸ್ತಕವೂ ಪುರಾಣ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಕೇಳಿ ಬೆಳೆದವಳು. ಶನಿವಾರವೇ ಬಾಗಿಲಿಗೆ ಬಂದು, “ನಾಳೆ ಪುರಾಣ ಎಷ್ಟೊತ್ತಿಗೆ?” ಎನ್ನುವಳು.

ಊರಲ್ಲಿ ನಾನು ಹಿತ್ತಲ ಮೂಲೆಯಲ್ಲಿ ಕದ್ದು ಓದುತ್ತಿದ್ದೆ, ಒಬ್ಬಳೇ ಅಳುತ್ತಿದ್ದೆ, ಒಬ್ಬಳೇ ಮೆಚ್ಚುತ್ತಿದ್ದೆ. ಇಲ್ಲಿ ನನ್ನ ಮೆಚ್ಚುಗೆಗೆ ಬೆಲೆಯೇ ಇಲ್ಲ. ಮೊದಲು ಓದಿದ್ದು ಒಬ್ಬ ಪ್ರಾಧ್ಯಾಪಕರ ಕಥೆ. ಇನ್ನೂರು ಪುಟ ಕಿಟಕಿಯ ಪಕ್ಕ ಕೂತು ‘ನಾನು ಯಾರು’ ಎಂದು ಯೋಚಿಸುತ್ತಾರೆ. ನನಗಂತೂ ಭಾಷೆ ಬಹಳ ಹಿಡಿಸಿತ್ತು. ಗಂಗಕ್ಕ ನಲವತ್ತನೆಯ ಪುಟಕ್ಕೆ ಹಿಟ್ಟಿನ ಕೈ ಎತ್ತಿದಳು.

“ತಾ ಯಾರಂತ ತಿಳೀವಲ್ದೇನು ಅವಗ? ಆಧಾರ್ ಕಾರ್ಡ್ ತಗದು ನೋಡ್ಕೋ ಅನ್ನು. ಉಂಡಾನೋ ಇಲ್ಲೋ, ಮೊದಲ ಅದನ್ನ ಓದು.”

ಉಂಡದ್ದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ನನಗೂ ಆಮೇಲೆ ಅದೇ ಕೊರತೆಯಾಗಿ ಕಾಣತೊಡಗಿತು. ಎರಡನೆಯದು ಕೊಲೆಯ ಕಾದಂಬರಿ. ಶ್ರೀಮಂತರ ಮದುವೆ ಮನೆ, ಬಾವಿಯಲ್ಲಿ ಹೆಣ, ಹದಿನಾರು ಜನರ ಮೇಲೆ ಸಂಶಯ. ಪತ್ತೇದಾರ ಕೊನೆಯ ಅಧ್ಯಾಯದವರೆಗೆ ತಲೆ ಕೆರೆದುಕೊಂಡ. ಮೆಹಬೂಬಿ ಮೂರನೆಯ ಅಧ್ಯಾಯದಲ್ಲೇ ರೊಟ್ಟಿ ಮಗುಚುತ್ತ, “ಆ ಸೋದರಮಾವಾನ ಮಾಡ್ಯಾನ ನೋಡ್ರಿ. ಮದುವಿ ಮನ್ಯಾಗ ಊಟಾ ಮಾಡಲಾರದ ಕೈ ತೊಳ್ಕೊಂಡಾನ,” ಎಂದುಬಿಟ್ಟಳು. ನಾನು ಆ ಸಾಲನ್ನು ಓದಿಯೂ ಗಮನಿಸಿರಲಿಲ್ಲ. ಅವನೇ ಕೊಲೆಗಾರ.

ಮೂರನೆಯದಕ್ಕೆ ರಟ್ಟೂ ಇಲ್ಲ, ಹೆಸರೂ ಇಲ್ಲ. ಸಾವಂತ್ರಿ ಎಂಬ ಹೆಂಗಸು ಊರು ಬಿಟ್ಟು ಕಡಲದಂಡೆಯ ಉಪ್ಪಿನಗದ್ದೆಗೆ ಕೂಲಿಗೆ ಬರುತ್ತಾಳೆ. ಇಪ್ಪತ್ತು ವರ್ಷ ಕಳೆಯುತ್ತದೆ, ಕಾಲು ಬಿರಿಯುತ್ತವೆ. ‘ಇನ್ನು ಬಂದುಬಿಡು’ ಎಂದು ಅಣ್ಣನ ಕಾಗದ ಬರುತ್ತದೆ. ದೊಡ್ಡ ಮಾತುಗಳಿಲ್ಲ, ಚಿಕ್ಕ ಚಿಕ್ಕ ವಾಕ್ಯ. ಈಚೆಗೆ ಓದಿದ್ದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಅದನ್ನು ಓದುವಾಗ ಗಂಗಕ್ಕನ ಬಡಿತ ನಿಂತು ನಿಂತು ಸಾಗುತ್ತಿತ್ತು. ರೊಟ್ಟಿ ದಪ್ಪವಾಗುತ್ತಿದ್ದವು, ಕೂಲಿಯವರು ದೂರು ಹೇಳುತ್ತಿದ್ದರು. ಆಮೇಲೆ ಕಾರಣ ತಿಳಿಯಿತು. ಅವಳ ತಮ್ಮನೂ ಊರಿನಿಂದ ಫೋನು ಮಾಡುತ್ತಿದ್ದ. ‘ಮೊಣಕಾಲು ಹೋದವು, ಇನ್ನು ಇಲ್ಲೇ ಬಂದಿರು’ ಎಂದು.

“ಈ ಸಾವಂತ್ರಿ ಏನ್ ಮಾಡ್ತಾಳ ನೋಡೂಣು,” ಎಂದಳು ಗಂಗಕ್ಕ. “ಆಕಿ ಹೋದ್ರ ನಾನೂ ಹೊಕ್ಕೇನಿ. ಉಳಿದ್ರ ನಾನೂ ಉಳೀತೇನಿ. ನಾ ಇದಕ್ಕ ಹೂ ಕೇಳೇನಿ.”

ಹೂ ಕೇಳುವುದು ಅಂದರೆ ನಿಮಗೆಲ್ಲ ಗೊತ್ತಿದ್ದದ್ದೇ. ದೇವರ ಮುಂದೆ ನಿಂತು ಮನಸ್ಸಿನ ಮಾತು ಹೇಳಿಕೊಂಡು, ಮೂರ್ತಿಯ ಬಲಗಡೆಯ ಹೂ ಬೀಳುವುದೋ ಎಡಗಡೆಯದೋ ಎಂದು ಕಾಯುವುದು. ಇಲ್ಲಿಯ ದೇವಸ್ಥಾನಗಳಲ್ಲೂ ಇದೆ, ಇವರು ‘ಕೌಲ’ ಎನ್ನುತ್ತಾರೆ. ಆದರೆ ಕಾದಂಬರಿಗೆ ಹೂ ಕೇಳಿದವರನ್ನು ನಾನು ಅಲ್ಲೂ ಕಂಡಿಲ್ಲ, ಇಲ್ಲೂ ಕಂಡಿಲ್ಲ.

“ಇದು ಯಾರೋ ಕುಂತು ಬರದದ್ದು ಅಕ್ಕಾರ, ಖರೇ ಅಲ್ಲ,” ಎಂದೆ.

“ಪುರಾಣಾನೂ ಯಾರೋ ಕುಂತ ಬರದಾರ. ನೀ ಓದು.”

ಶನಿವಾರ ಕೊನೆಯ ಅಧ್ಯಾಯವನ್ನು ಮೊದಲೇ ಓದಿಬಿಟ್ಟೆ. ಸಾವಂತ್ರಿ ಊರಿಗೆ ಹೋಗುತ್ತಾಳೆ. ಅಣ್ಣನ ಮನೆ ತಲುಪುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಪುಸ್ತಕ ಮುಚ್ಚಿ ಕೂತೆ. ಗಂಗಕ್ಕ ಹೋದರೆ ನನ್ನ ಭಾನುವಾರ ಹೋಯಿತು. ಗೋವಾದಲ್ಲಿ ನನ್ನನ್ನು ‘ನೀ’ ಎಂದು ಕರೆಯುವ ಒಬ್ಬಳು ಹೋದಳು. ಮತ್ತೆ ಆ ಬಾಯಿಕಟ್ಟಿನ ಆರು ತಿಂಗಳು ನೆನಪಾಯಿತು. ಮರುದಿನ ನಾನು ಸುಳ್ಳು ಓದಿದೆ. ಸಾವಂತ್ರಿಯನ್ನು ಸ್ಟೇಷನ್ನಿನವರೆಗೆ ಕರೆದೊಯ್ದು, ಬೆಂಚಿನ ಮೇಲೆ ಕೂರಿಸಿ, ರೈಲು ಬಿಟ್ಟುಹೋಗುವಂತೆ ಮಾಡಿ, ಉಪ್ಪಿನಗದ್ದೆಗೆ ಹೊರಳಿಸಿಕೊಂಡು ಬಂದೆ. ಸೂರ್ಯ ಮುಳುಗುವುದನ್ನೂ ಸೇರಿಸಿದೆ. ನನ್ನ ಮಟ್ಟಿಗೆ ಚೆನ್ನಾಗಿಯೇ ಬಂದಿತ್ತು.

“ಹೂ ಬಿತ್ತು,” ಎಂದು ಗಂಗಕ್ಕ ಅಲ್ಲೇ ತಮ್ಮನಿಗೆ ಫೋನು ಮಾಡಿಸಿ ಬರುವುದಿಲ್ಲ ಎಂದಳು.

ಎರಡು ದಿನ ಹಬ್ಬ ಬಂದಂತೆ ಓಡಾಡಿದೆ. ಮೂರನೆಯ ದಿನ ನೀರಿನ ನಲ್ಲಿಯ ಹತ್ತಿರ ಗಂಗಕ್ಕ ಸಿಕ್ಕಳು. “ನನಗಂತ ಖೋಲಿಗೆ ಸುಣ್ಣಾ ಹಚ್ಚಿಸಿದ್ನಂತ ತಮ್ಮ. ಭಾಳ ನೊಂದ್ಕೊಂಡ. ಇರ್ಲಿ, ಹೂ ಬಿದ್ದ ಮ್ಯಾಲ ಮುಗೀತು,” ಎಂದಳು. ಒಬ್ಬ ಮುದುಕಿಯ ಉಳಿದ ಆಯುಷ್ಯವನ್ನು ನನ್ನ ಬೇಸರ ಕಳೆಯಲು ಹೊರಳಿಸಿಬಿಟ್ಟಿದ್ದೆ. ಕಂಪನಿಯಲ್ಲಿ ಬಾಟಲಿ ಕೈಜಾರಿತು, ಸೂಪರ್‌ವೈಸರ್ ಕೊಂಕಣಿಯಲ್ಲಿ ಬೈದ. ಅದೂ ನನಗೆ ಸರಿಯೆನಿಸಿತು.

ಮುಂದಿನ ಭಾನುವಾರ ಹೊಸ್ತಿಲ ಮೇಲೆ ಕೂತವಳೇ ಹೇಳಿಬಿಟ್ಟೆ. “ತಪ್ಪಾತ್ರಿ ಅಕ್ಕಾರ. ಪುಸ್ತಕದಾಗ ಸಾವಂತ್ರಿ ಊರಿಗೆ ಹೊಕ್ಕಾಳ. ನಾನ ಸುಳ್ಳ ಓದಿದೆ.”

“ತೌಬಾ!” ಎಂದು ಮೆಹಬೂಬಿ ರೊಟ್ಟಿ ಹೊತ್ತಿಸಿದಳು. ಗಂಗಕ್ಕನ ಕೈ ಹಿಟ್ಟಿನ ಮೇಲೆ ನಿಂತಿತು.

“ಯಾಕ ಓದಿದಿ?”

“ನೀವು ಹೋದ್ರ ನಾ ಯಾರಿಗೆ ಓದ್ಲಿ?” ಎನ್ನುವಷ್ಟರಲ್ಲಿ ನನಗೆ ಅಳು ಬಂತು.

“ಹಂಗಂತ ಬಾಯಿ ಬಿಟ್ಟು ಹೇಳಬಾರದಿತ್ತೇನು? ಸಾವಂತ್ರಿ ಬಾಯಾಗ ಹಾಕಿ ಹೇಳಬೇಕಾ?” ಎಂದಳು. ಸಿಟ್ಟೋ ನಗುವೋ ತಿಳಿಯಲಿಲ್ಲ. “ಕಣ್ಣೊರಸ್ಕೋ. ಖರೇ ಏನೈತಿ ಅದನ್ನ ಓದು ಈಗ.”

ಓದಿದೆ. ಒಂದು ಅಕ್ಷರ ಬಿಡದೆ ಓದಿದೆ. ಸಾವಂತ್ರಿ ಅಣ್ಣನ ಮನೆಗೆ ಬರುತ್ತಾಳೆ. ಅತ್ತಿಗೆ ನಗುತ್ತ ಚಾಪೆ ಹಾಸುತ್ತಾಳೆ, ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಡುತ್ತಾಳೆ. ಸಾವಂತ್ರಿ ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾಳೆ, ಕಣ್ಣು ತುಂಬುತ್ತವೆ. ಮುಗಿಯಿತು. ಎಂಥ ಸುಖದ ಮುಕ್ತಾಯ ಎಂದು ನಾನು ಪುಸ್ತಕ ಕೆಳಗಿಟ್ಟೆ.

“ಇನ್ನೊಮ್ಮೆ ಓದು,” ಎಂದಳು ಗಂಗಕ್ಕ. ಓದಿದೆ.

“ಚಾಪಿ ಹಾಸಿದ್ರೇನು?”

“ಹೌದ್ರಿ.”

“ಬೆಲ್ಲಾ ಕೊಟ್ರೇನು?”

“ಹೌದ್ರಿ, ಅತ್ತಿಗೀನ ತಂದು ಕೊಟ್ಟಳು.”

“ಮುಗೀತು ಬಿಡು. ಬೀಗರನ್ನ ಕರಕೊಂಡಂಗ ಕರಕೊಂಡ್ರು ಆಕೀನ. ಮನೀ ಮಗಳಿಗೆ ಯಾರರ ಬೆಲ್ಲಾ ನೀರು ಕೊಡ್ತಾರ? ಮನೀ ಮಗಳು ತಾನ ಒಳಗ ಹೋಗಿ ಕೊಡದಾಗ ತಂಬಿಗಿ ಅದ್ದತಾಳ. ಅದಕ್ಕ ಅತ್ತಾಳ ಆಕಿ. ನೀ ಏನ್ ಸಂತೋಷಕ್ಕ ಅತ್ತಳಂತ ತಿಳದೀ ಏನು?”

ನಾನು ಹತ್ತನೆಯ ತರಗತಿ ಪಾಸಾದವಳು, ಅದೇ ಪುಟವನ್ನು ನಾಲ್ಕು ಸಲ ಓದಿದವಳು. ಅಕ್ಷರ ಬಾರದ ಗಂಗಕ್ಕ ಒಂದು ತಟ್ಟೆ ಬೆಲ್ಲದಲ್ಲಿ ಕಂಡದ್ದು ನನಗೆ ಕಂಡಿರಲಿಲ್ಲ. ನಾಚಿಕೆಯಾಯಿತು. ಅದರ ಹಿಂದೆಯೇ ಇನ್ನೊಂದು ನೆನಪೂ ಬಂತು. ಹೋದ ಪಂಚಮಿಗೆ ತವರಿಗೆ ಹೋದಾಗ ನನ್ನ ಅಣ್ಣನ ಹೆಂಡತಿಯೂ ಚಾಪೆ ಹಾಸಿ ಬೆಲ್ಲ ಕೊಟ್ಟಿದ್ದಳು. ‘ಎಷ್ಟು ಆದರ ಮಾಡಿದರು ನೋಡ್ರಿ’ ಎಂದು ಬರುವಾಗ ಬಸ್ಸಿನ ತುಂಬ ಯಜಮಾನರ ಮುಂದೆ ಹೊಗಳಿದ್ದೆ.

“ಹಂಗಾರ ಹೂ ಯಾ ಕಡೆ ಬಿತ್ರೀ?” ಎಂದು ಕೇಳಿದಳು ಮೆಹಬೂಬಿ.

“ಸಾವಂತ್ರಿ ಹೂ ಸಾವಂತ್ರಿಗೆ. ನನ್ನ ಹೂ ನಾನ ಹೋಗಿ ಕೇಳಿ ಬರ್ತೇನಿ. ಬೆಲ್ಲಾ ಕೊಟ್ರ ತಿಂದು ಹೊಳ್ಳಿ ಬರ್ತೇನಿ. ಕೊಡಲಿಲ್ಲಂದ್ರ ಅಲ್ಲೇ ಇರ್ತೇನಿ,” ಎಂದು ಗಂಗಕ್ಕ ಮತ್ತೆ ಬಡಿಯತೊಡಗಿದಳು.

ಬುಧವಾರ ಹೋದಳು. ಬಸ್ಸಿಗೆ ನಾನೇ ಹತ್ತಿಸಿ ಬಂದೆ. ಕಂಡಕ್ಟರನಿಗೆ ಕೊಂಕಣಿಯಲ್ಲೇ ಹೇಳಿ ಮುಂದಿನ ಸೀಟು ಕೊಡಿಸಿದೆ. ಇದು ನನ್ನ ದೊಡ್ಡ ಸಾಧನೆ, ಆದರೆ ಅವತ್ತು ಹೆಮ್ಮೆಪಡುವ ಸ್ಥಿತಿಯಲ್ಲಿರಲಿಲ್ಲ. ಭಾನುವಾರ ನಾನೂ ಮೆಹಬೂಬಿಯೂ ರೊಟ್ಟಿಗೆ ಕೂತೆವು. ನನ್ನ ರೊಟ್ಟಿ ನೋಡಿ ಅವಳು, “ಇದು ಯಾವ ಜಿಲ್ಲಾದ ನಕಾಶೆ ಅಕ್ಕಾ?” ಎಂದಳು. ನಕ್ಕೆವು. ಪುಸ್ತಕ ಮುಟ್ಟಲು ಇಬ್ಬರಿಗೂ ಮನಸ್ಸಾಗಲಿಲ್ಲ. ಊರಲ್ಲಿ ಬೆಲ್ಲ ಕೊಡದಿರಲಿ ಎಂದು ಗಂಗಕ್ಕನ ಪರವಾಗಿ ಬೇಡಿಕೊಳ್ಳಬೇಕು. ಕೊಡಲಿ ಎಂದು ನನ್ನ ಪರವಾಗಿ ಬೇಡಿಕೊಳ್ಳಬೇಕು. ನಾನು ಸುಮ್ಮನೆ ಕೈ ಮುಗಿದು, ಏನೂ ಕೇಳದೆ ಎದ್ದೆ.

ಅದರ ಮುಂದಿನ ಭಾನುವಾರ, ರೊಟ್ಟಿಗೆ ಕೂರುವ ಮೊದಲು, ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಗಂಗಕ್ಕ ಕೈಚೀಲ ಹಿಡಿದು ಕುಂಟುತ್ತ ಬಂದಳು. ನನ್ನನ್ನು ದಾಟಿ ಸೀದಾ ಒಳಗೆ ಹೋಗಿ, ಕೊಡದ ಮುಚ್ಚಳ ತೆಗೆದು, ತಂಬಿಗೆ ಅದ್ದಿ, ಗಟಗಟ ಕುಡಿದಳು. ನಾನು ಮೊರದಲ್ಲಿಯ ಅಕ್ಕಿ ಚೆಲ್ಲಿ ಎದ್ದುನಿಂತೆ.

“ಬೆಲ್ಲಾ ಕೊಟ್ರೇನ್ರಿ ಅಕ್ಕಾರ?”

“ಕೊಟ್ರು. ಭಾಳ ಚಲೋ ಬೆಲ್ಲ. ಖೋಲೀನೂ ಚಂದ ಮಾಡ್ಯಾರ ಪಾಪ, ವರ್ಷಕ್ಕೊಮ್ಮೆ ಹೋಗಿ ಮಲಗಿ ಬರಾಕ ಅಡ್ಡಿಯಿಲ್ಲ.” ಸೆರಗಿನಿಂದ ಬಾಯಿ ಒರೆಸಿಕೊಂಡು ತಂಬಿಗೆಯನ್ನು ಕೊಡದ ಮೇಲೆ ಬೋರಲು ಹಾಕಿದಳು. ಬೇಗ ತಿರುಗಲಿಲ್ಲ. “ನೀರು ಮಾತ್ರ ಊರಾಗಿನವ ಸಿಹಿ, ಯವ್ವಾ. ಆದ್ರ ಕೊಡ ಎಲ್ಲಿಟ್ಟಾರ ಅನ್ನೂದ ನನಗ ತಿಳೀಲಿಲ್ಲ.”