ಸದ್ದು ನಿಂತರೆ ಮೇಲೆ ಬರಬೇಕು

ಕೊರಿಯರ್‌ನವನು ತಂದುಕೊಟ್ಟ ಡಬ್ಬಿ ಬಿಚ್ಚಿದ ಕೂಡಲೇ ಮೂಗಿಗೆ ಬಡಿದದ್ದು ಹೊಸ ರಬ್ಬರಿನ ವಾಸನೆ. ಸಮುದ್ರದೊಳಗೆ ಇಳಿಯುವವರು ಬಾಯಲ್ಲಿ ಕಚ್ಚಿಕೊಳ್ಳುವ ಉಸಿರಿನ ಕೊಳವೆ ಅದರಲ್ಲಿತ್ತು. ಜೊತೆಗೆ ಆಳ, ಗಾಳಿ ತೋರಿಸುವ ಮುಳ್ಳಿನ ಮೀಟರುಗಳ ಒಂದು ಜೋಡಿ, ಇನ್ನೊಂದು ಪೊಟ್ಟಣದಲ್ಲಿ ಕೈಗೆ ಕಟ್ಟುವ ಡೈವ್ ಕಂಪ್ಯೂಟರು. ನಾನು ನೋಡಬೇಕಾಗಿದ್ದದ್ದು ಇವನ್ನು. ಆದರೆ ಆ ವಾಸನೆ ನನ್ನನ್ನು ನೊಣವಿನಕೆರೆ ಹತ್ತಿರದ ಒಂದು ಬಾವಿಕಟ್ಟೆಯ ಮೇಲೆ ಕೊಂಡೊಯ್ದು ಕೂರಿಸಿತು... ಪಂಪ್‌ಸೆಟ್ ಸಾಬರ ಚೀಲದ ವಾಷರುಗಳದ್ದೂ ಇದೇ ವಾಸನೆ.

ತಿಪಟೂರಿನ ಹೈಸ್ಕೂಲ್ ಟೀಚರಿಗೆ ಸಮುದ್ರದ ತಳದಲ್ಲಿ ಏನು ಕೆಲಸ ಎಂದು ನಮ್ಮ ಸ್ಟಾಫ್‌ರೂಮಿನಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ನೀರು ನೋಡಬೇಕೆಂದರೆ ಕೆರೆ ಏರಿ ಮೇಲೆ ಹೋಗಿ ನಿಂತರೆ ಸಾಲದೇ ಎಂದವರೂ ಇದ್ದಾರೆ. ನಾನು ಕಿವಿಗೆ ಹಾಕಿಕೊಂಡಿಲ್ಲ. ಕಳೆದ ರಜೆಯಲ್ಲಿ ಮುರುಡೇಶ್ವರಕ್ಕೆ ಹೋಗಿ ಕಲಿತು ಬಂದೆ. ಈಗ ನನ್ನದೇ ಸಾಮಾನು ಬೇಕೆಂದಾಗ ಅಲ್ಲಿ ಕಲಿಸಿದ ಹುಡುಗ ಮುಳ್ಳಿನದು, ಕಂಪ್ಯೂಟರು ಎರಡನ್ನೂ ಕಳಿಸಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕಳಿಸಿ ಎಂದಿದ್ದ.

"ಕಂಪ್ಯೂಟರ್ ಇಟ್ಕೊಳ್ಳಿ ಮೇಡಂ," ಎಂದು ಫೋನಿನಲ್ಲಿ ಹೇಳಿದ. "ಆಳ, ಟೈಮು ಎಲ್ಲಾ ಅದೇ ನೋಡ್ಕೊಳ್ಳುತ್ತೆ. ಮೇಲೆ ಬರೋ ಹೊತ್ತಾದ್ರೆ ಬೀಪ್ ಅನ್ನುತ್ತೆ. ಮುಳ್ಳಿನದಾದ್ರೆ ನೀವೇ ನೋಡ್ತಾ ಇರ್ಬೇಕು, ಅದು ಬಾಯಿ ಬಿಡಲ್ಲ."

ಬಾಯಿ ಬಿಡದ್ದೇ ನನಗೆ ಬೇಕಾಗಿತ್ತು. ನೀರಿನ ಕೆಳಗೆ ಕೇಳುವ ಸದ್ದೆಂದರೆ ನನಗೆ ಭಯ. ಅದನ್ನು ಅವನಿಗೆ ಹೇಗೆ ಹೇಳುವುದು?

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ನೊಣವಿನಕೆರೆ ಬಳಿ ಒಂದು ತೋಟದ ಮನೆಯಲ್ಲಿ ಬಾಡಿಗೆಗಿದ್ದೆ. ಸಾಬರದು ಪಕ್ಕದ ಮನೆ. ಸುತ್ತಲಿನ ತೋಟಗಳ ಮೋಟಾರು ಕೆಟ್ಟರೆ ಅವರೇ ಬರಬೇಕು. ಬಾವಿಯ ತಳದಲ್ಲಿ ಪೈಪಿನ ತುದಿಯ ಫುಟ್‌ವಾಲ್ವಿಗೆ ಕಸ ಸಿಕ್ಕಿಕೊಂಡರೆ ಬೇರೆಯವರು ಪೈಪನ್ನೆಲ್ಲ ಬಿಚ್ಚಿ ಮೇಲೆತ್ತುತ್ತಿದ್ದರು. ಇವರು ಅಂಗಿ ಕಳಚಿ, ಕಿವಿಯ ಮೇಲಿನ ಬೀಡಿಯನ್ನು ಹುಷಾರಾಗಿ ಕಟ್ಟೆಯ ಮೇಲಿಟ್ಟು, ಮುಳುಗಿಬಿಡುತ್ತಿದ್ದರು. ಬೀಡಿ ಕಾಯಲು ನನ್ನನ್ನೇ ನೇಮಿಸುತ್ತಿದ್ದರು. "ಎಕ್ಸಾಂ ಹಾಲಲ್ಲಿ ಹುಡುಗ್ರನ್ನ ಕಾಯೋರು, ಇದೊಂದ್ ಕಾಯಕ್ಕಾಗಲ್ವಾ ಟೀಚರಮ್ಮ?"

ಅವರು ಇಳಿಯುವಾಗಲೆಲ್ಲ ಚಾಚಿ, ಅಂದರೆ ಅವರ ಹೆಂಡತಿ, ಮೇಲೆ ಕೂತಿರಲೇಬೇಕು. ಜುಟ್ಟು ಬಿಟ್ಟು ಸುಲಿದ ಒಂದು ತೆಂಗಿನಕಾಯಿಯನ್ನು ಕೈಯಲ್ಲಿ ಹಿಡಿದು ಬಾವಿಯ ಕಲ್ಲಿಗೆ ಟೊಕ್, ಟೊಕ್ ಎಂದು ಒಂದೇ ಸಮನೆ ಕುಟ್ಟುತ್ತಿದ್ದರು. ಕುಟ್ಟುತ್ತಿರುವಷ್ಟು ಹೊತ್ತು ಕೆಳಗಿರಬಹುದು. ಸದ್ದು ನಿಂತರೆ ಮೇಲೆ ಬರಬೇಕು. ಯಾವಾಗ ನಿಲ್ಲಿಸಬೇಕೆಂಬುದು ಚಾಚಿಯ ಕೈಗೆ ಗೊತ್ತಿತ್ತು. ಉಸಿರು ಕಟ್ಟುವುದು ನಿಮಗೇ ತಿಳಿಯುವುದಿಲ್ಲವೇ ಎಂದು ನಾನೊಮ್ಮೆ ಸಾಬರನ್ನು ಕೇಳಿದ್ದೆ.

"ಎದೆ ಹೆದ್ರುಪುಕ್ಲು ಕಣಮ್ಮ," ಎಂದು ನಕ್ಕಿದ್ದರು. "ಇಳಿದ ತಕ್ಷಣ ಸತ್ತೆ ಸತ್ತೆ ಅಂತ ಕೂಗ್ಕೊಳ್ಳುತ್ತೆ. ಅದರ ಮಾತು ಕೇಳಿದ್ರೆ ಕೆಲಸ ಆಯ್ತದಾ? ಇವಳು ಕುಟ್ಟೋದು ಕೆಳಗೆ ಬೆನ್ನು ತಟ್ದಂಗೆ ಕೇಳುತ್ತೆ. ನಾನು ಅದನ್ನ ನಂಬ್ತೀನಿ."

ಆ ಭಾನುವಾರ ನಮ್ಮ ಮನೆಗೆ ನೀರು ಬರುವ ಬಾವಿಯ ವಾಲ್ವೇ ಕಟ್ಟಿಕೊಂಡಿತ್ತು. ಹೇಮಾವತಿ ನೀರಿನಿಂದ ಕೆರೆ ತುಂಬಿ ಬಾವಿಯ ನೀರೂ ಮೇಲೆ ಬಂದಿದ್ದ ಕಾಲ. ತೋಟದ ಯಜಮಾನರು, ನಾನು, ಚಾಚಿ ಕಟ್ಟೆಯ ಮೇಲಿದ್ದೆವು. ಸಾಬರು ಮುಳುಗಿದರು. ಚಾಚಿ ಕುಟ್ಟಿದರು, ಎಂದಿನ ಹೊತ್ತಿಗೆ ನಿಲ್ಲಿಸಿದರು. ಸಾಬರು ಮೇಲೆ ಬರಲಿಲ್ಲ.

ಯಜಮಾನರು ಸಾಬರ ಹೆಸರು ಹಿಡಿದು ಕೂಗತೊಡಗಿದರು. ಚಾಚಿ ಯಜಮಾನರ ಕೈ ಹಿಡಿದು ಜಗ್ಗಿ, "ಸುಮ್ಕಿರಿ, ಸುಮ್ಕಿರಿ, ಯಾರೂ ಸದ್ದು ಮಾಡ್ಬೇಡಿ," ಎಂದರು. ಕೈಯಲ್ಲಿದ್ದ ಕಾಯಿಯನ್ನು ಎದೆಗೆ ಒತ್ತಿಕೊಂಡಿದ್ದರು. ಕರೆಯಲು ಅವರಿಗೆ ಗೊತ್ತಿದ್ದದ್ದು ಅದೊಂದೇ ದಾರಿ, ಸುಮ್ಮನಿರುವುದು. ನಾವೆಲ್ಲ ಸುಮ್ಮನಾದೆವು. ಆಗ ಕೇಳಿಸಿತು... ಟೊಕ್. ಟೊಕ್.

ಬಾವಿಯ ಕಲ್ಲುಕಟ್ಟಡ ಪಕ್ಕದ ತೋಟದ ಗೋಡೆಗೆ ಅಂಟಿಕೊಂಡಿತ್ತು. ಆಚೆ ಯಾರೋ ಕಾಯಿ ಸುಲಿದು ಸುಲಿದು ಗೋಡೆಯ ಬುಡಕ್ಕೆ ಎಸೆಯುತ್ತಿದ್ದರು. ಒಂದೇ ಸಮನೆ, ಚಾಚಿಯ ಹಾಗೆಯೇ. ಈಚೆ ಏನಾಗುತ್ತಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಚಾಚಿ ಗೋಡೆಯ ಕಡೆ ಓಡಿದರು. ಯಜಮಾನರು ಬಾವಿಗೆ ಹಾರಿದರು. ಸಾಬರನ್ನು ಮೇಲೆ ತಂದಾಗ ಆಚೆಯ ಸದ್ದೂ ನಿಂತಿತ್ತು. ಕಟ್ಟೆಯ ಮೇಲೆ ಬೀಡಿ ಇಟ್ಟ ಜಾಗದಲ್ಲೇ ಇತ್ತು...

ಕಾಯಿ ಸದ್ದು ಕೇಳದ ಬೀದಿ ಈ ಸೀಮೆಯಲ್ಲಿ ಎಲ್ಲಿದೆ? ತಿಪಟೂರಿಗೆ ವರ್ಗವಾಗಿ ಬಂದೆ. ಸದ್ದು ಇಲ್ಲಿಗೂ ಬಂತು. ಅದು ಕೇಳಿದಾಗ ಈಗಲೂ ನನಗೆ ಅರಿವಿಲ್ಲದೆ ಉಸಿರು ಬಿಗಿಹಿಡಿಯುತ್ತೇನೆ. ಸಮುದ್ರಕ್ಕೆ ಹೋದದ್ದೂ ಬಹುಶಃ ಅದಕ್ಕೇ. ಕೊನೆಗೆ ಸಾಬರಿಗೆ ಏನು ಕೇಳಿಸಿತೆಂದು ತಿಳಿಯದೆ ನನಗೆ ಸಮಾಧಾನವಿರಲಿಲ್ಲ.

ತಿಳಿಯಿತು. ಮುರುಡೇಶ್ವರದಲ್ಲಿ ಕಲಿಸುವ ಹುಡುಗ ನೀರಿನೊಳಗೆ ನಮ್ಮನ್ನು ಮೇಲೆ ಕರೆಯಲು ತನ್ನ ಬೆನ್ನಿನ ಸಿಲಿಂಡರನ್ನು ಲೋಹದ ಕಡ್ಡಿಯಿಂದ ಕುಟ್ಟಿದ. ಟೊಕ್, ಟೊಕ್. ಎಲ್ಲರೂ ಮೇಲೆ ಹೊರಟರು. ನಾನು ಅಲ್ಲೇ ಇದ್ದೆ. ಭಯವೇ ಆಗಲಿಲ್ಲ. ಯಾರೋ ಬೆನ್ನು ತಟ್ಟುತ್ತಿದ್ದಾರೆ, ಇನ್ನೂ ಹೊತ್ತಿದೆ ಅನ್ನಿಸಿತು. ಅವನು ಬಂದು ತೋಳು ಹಿಡಿದು ಎಳೆದೊಯ್ದ. "ಅಷ್ಟು ಕರೆದ್ರೂ ಬರಲಿಲ್ವಲ್ಲ ಮೇಡಂ!" ಎಂದು ದೋಣಿಯಲ್ಲಿ ಬೈದ. ಅದು ಕರೆಯೆಂದು ಹೊಳೆದದ್ದೂ, ಭಯವಾದದ್ದೂ ಆಗಲೇ.

ಅದಕ್ಕೇ ಮುಳ್ಳಿನ ಮೀಟರೇ ಸಾಕು ಎಂದುಕೊಂಡಿದ್ದೆ. ಆದರೂ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಚಾಚಿಯ ಬಳಿ ಹೋದೆ. ಅವರೀಗ ಇದೇ ಊರಿನಲ್ಲಿ ತಂಗಿಯ ಮನೆಯಲ್ಲಿದ್ದು ಬಟ್ಟೆ ಹೊಲಿಯುತ್ತಾರೆ. ಮಿಷನ್ ನಿಲ್ಲಿಸಿ, ಕಂಪ್ಯೂಟರನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ನಾನು ಗುಂಡಿ ಒತ್ತಿ ಬೀಪ್ ಕೇಳಿಸಿದೆ.

"ಇದು ಸದ್ದು ಮಾಡಿದ್ರೆ ಕೆಳಗಿರೋದಾ, ಮೇಲೆ ಬರೋದಾ?"

"ಮೇಲೆ ಬರೋದು ಚಾಚಿ."

ಅವರು ತಾವೇ ಗುಂಡಿ ಒತ್ತಿ ಇನ್ನೊಮ್ಮೆ ಕೇಳಿಸಿಕೊಂಡರು.

"ಹಂಗಾರೆ ಇದೇ ಇಟ್ಕೊ ಟೀಚರಮ್ಮ. ಇದ್ರಲ್ಲಿ ಕರೀಬೋದು." ಅದನ್ನು ನನ್ನ ಕೈಗೆ ಕಟ್ಟುತ್ತಾ ಹೇಳಿದರು. "ನಾನು ಅವತ್ತು ಒಂದ್ಸಲಾನೂ ಕೂಗ್ಲಿಲ್ಲ ಕಣಮ್ಮ. ಕೂಗಿದ್ರೆ ಇನ್ನೂ ಟೈಮಿದೆ ಅನ್ಕೊಂಡ್ಬುಡ್ತಾರೆ ಅಂತ..."

ಮುಳ್ಳಿನದನ್ನು ವಾಪಸ್ ಕಳಿಸಿದೆ. ಈಗ ದಿನಾ ಸಂಜೆ ಗುಂಡಿ ಒತ್ತುತ್ತೇನೆ, ಬೀಪ್ ಎಂದ ಕೂಡಲೇ ಕುರ್ಚಿಯಿಂದ ಏಳುತ್ತೇನೆ. ಮೈಗೆ ಹೊಸ ಪಾಠ ಕಲಿಸಬೇಕಲ್ಲ. ಪರವಾಗಿಲ್ಲ, ಕಲಿಯುತ್ತಿದೆ. ಬೀದಿಯಲ್ಲಿ ಲಾರಿಯಿಂದ ಕಾಯಿ ಇಳಿಸುವಾಗ ಮಾತ್ರ ಏಳಲಾಗುವುದಿಲ್ಲ. ಆ ಸದ್ದು ನಿಲ್ಲುವವರೆಗೆ ಸಾಬರು ಇನ್ನೂ ಕೆಳಗೆ ಕೆಲಸ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಆಮೇಲೆ ಅದು ನಿಲ್ಲುತ್ತದೆ...